ದಾನಿಯೇಲ ಹದಿಮೂರು

ನಿವೃತ್ತ ಎಂಜಿನಿಯರ್ ಸಾಹೇಬರು ಬಸವನ ಬಾಗೇವಾಡಿಯ ನಮ್ಮ ಮನೆಗೆ ಮೊದಲ ಸಲ ಬಂದಾಗ ಚಪ್ಪಲಿ ಕಳೆಯುವ ಮುಂಚೆಯೇ, ಲ್ಯಾಪ್‌ಟಾಪಿಗೆ ಹಾಕುವ ಪ್ಲಗ್ ಎಲ್ಲಿದೆ ಎಂದು ಕೇಳಿದರು. ಮನುಷ್ಯ ಎಂಥವರು ಎಂದು ತಿಳಿಯಲು ನನಗೆ ಅಷ್ಟು ಸಾಕಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಮುಂದೆ ಕುಳಿತವರನ್ನು ನೋಡಿದ ಕೂಡಲೇ ಇವರು ಓದಿಕೊಂಡು ಬಂದಿದ್ದಾರೋ, ಬರೀ ಪೆನ್ನು ಹೊಸದು ತಂದಿದ್ದಾರೋ ಎಂದು ಹೇಳಬಲ್ಲೆ. ಸಾಹೇಬರು ಹೊಸ ಪೆನ್ನು ತಂದವರ ಪೈಕಿ.

ರಿಟೈರ್ ಆದ ಮೇಲೆ ನಾನು ಸಿಂದಗಿಯ ಒಂದು ಪ್ರೆಸ್ಸಿಗೆ ಕರಡು ತಿದ್ದಿ ಕೊಡುತ್ತೇನೆ. ಮದುವೆಯ ಆಮಂತ್ರಣದಿಂದ ಹಿಡಿದು ಮಠದ ಸ್ಮರಣ ಸಂಚಿಕೆಯವರೆಗೆ ಎಲ್ಲವೂ ಬರುತ್ತದೆ. ಬೇರೆಯವರ ತಪ್ಪು ಹುಡುಕುವುದು ನನಗೆ ಇಷ್ಟದ ಕೆಲಸ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಊರಿನಲ್ಲಿ ನನ್ನನ್ನು ಈಗಲೂ 'ಅಕ್ಕೋರು' ಎಂದೇ ಕರೆಯುತ್ತಾರೆ. ಹಿಂದಿನಿಂದ ಏನು ಕರೆಯುತ್ತಾರೆ ಎಂಬುದೂ ಗೊತ್ತು.

ಸಾಹೇಬರು ಮುದ್ದೇಬಿಹಾಳದವರು. ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಮೇಲೆ ಬಹಳ ವರ್ಷ ಇದ್ದವರು. ಅಲ್ಲಿದ್ದಾಗ ಒಮ್ಮೆ ಅವರಿಗೆ ಹಾವು ಕಚ್ಚಿತ್ತಂತೆ. ಕೊಲ್ಹಾರದ ದವಾಖಾನೆಯಲ್ಲಿದ್ದ ಸಿಸ್ಟರವ್ವ ಅವರನ್ನು ಉಳಿಸಿದ್ದಳು. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೊಸ ಊರು ಕಟ್ಟಿದ ಮೇಲೆ, ಅದರ ಅಂಚಿಗೆ ಎರಡು ಖೋಲಿಯ ಒಂದು ದವಾಖಾನೆ ನಡೆಸುತ್ತಿದ್ದ ಕಥೋಲಿಕ ಸನ್ಯಾಸಿನಿ ಆಕೆ. ಕರಾವಳಿ ಕಡೆಯಿಂದ ನರ್ಸ್ ಆಗಿ ಬಂದವಳು ಇಲ್ಲಿಯೇ ಮುದುಕಿಯಾಗಿ ಇಲ್ಲಿಯೇ ತೀರಿಕೊಂಡಳು. ಸತ್ತ ಮೇಲೆ ಅವಳ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಸಿಕ್ಕಿತು. ಅದನ್ನು ಪುಸ್ತಕ ಮಾಡಬೇಕೆಂದು ಸಾಹೇಬರು ಒಂದು ಸಮಿತಿ ಕಟ್ಟಿದ್ದರು. ಸಮಿತಿ ಎಂದರೆ ಅವರು, ಅವರ ಲ್ಯಾಪ್‌ಟಾಪು, ಮತ್ತು ಹೌದು ಹೌದು ಎನ್ನುವ ನಾಲ್ಕು ಜನ.

"ಅಕ್ಕೋರ, ಭಾಷಾ ನೀವು ನೋಡ್ರಿ. ರೆಫರೆನ್ಸ್ ನಾ ನೋಡ್ತೇನಿ" ಎಂದರು.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಮೂರು ಸಾಲು ಮಾತ್ರ ಇರುತ್ತಿತ್ತು. ಆ ದಿನ ಬಂದ ರೋಗಿ, ಕೊಟ್ಟ ಔಷಧ, ಕೊನೆಗೆ ಬೈಬಲಿನ ಒಂದು ಜಾಗದ ಗುರುತು. ಆ ಜಾಗದಲ್ಲಿ ಏನಿದೆ ಎಂದು ಅವಳು ಬರೆಯುತ್ತಿರಲಿಲ್ಲ. ಬೈಬಲಿನೊಳಗಿನ ಪುಸ್ತಕದ ಹೆಸರಿನ ಮೊದಲೆರಡು ಅಕ್ಷರ, ಅಧ್ಯಾಯದ ಸಂಖ್ಯೆ, ಅಷ್ಟೇ. 'ಜೋಳ ಕೊಯ್ಯುವಾಗ ಬೆರಳು ಕತ್ತರಿಸಿಕೊಂಡ ಹೆಂಗಸು. ನಾಲ್ಕು ಹೊಲಿಗೆ. ಅಳಲಿಲ್ಲ. ಸಿರಾ ೩೮.' ಹೀಗೆ. ಕನ್ನಡ ಹೇಳುವ ಹಾಗಿರಲಿಲ್ಲ. ಒತ್ತಕ್ಷರಗಳೆಲ್ಲ ಗಾಯಾಳುಗಳಂತೆ ಬಿದ್ದಿದ್ದವು. 'ಭಾಣಂತಿ' ಎಂದು ಬರೆದಿದ್ದಳು, 'ಹೌಷದ' ಎಂದು ಬರೆದಿದ್ದಳು. ಮೊದಲ ದಿನವೇ ನಾನು ಆಕೆಯ ಬಗ್ಗೆ ಒಂದು ತೀರ್ಮಾನಕ್ಕೆ ಬಂದುಬಿಟ್ಟೆ. ಒಳ್ಳೆಯ ಹೆಂಗಸು, ಓದು ಕಡಿಮೆ.

ಸಾಹೇಬರು ಬೈಬಲ್ ಹುಡುಕುವ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಮೇಲೆ ಒಂದು ಉದ್ದನೆಯ ಚೌಕ. ಅದರಲ್ಲಿ ಪುಸ್ತಕದ ಹೆಸರು, ಅಧ್ಯಾಯ ಬರೆದು ಒತ್ತಿದರೆ ಕೆಳಗೆ ಆ ಭಾಗ ಬರುತ್ತದೆ. ನಮ್ಮ ಪಡಸಾಲೆಯಲ್ಲಿ ಕುಳಿತು ಒಂದೊಂದಾಗಿ ಬಡಿಯತೊಡಗಿದರು. ಕೆಲವು ಸಿಕ್ಕವು. ಬಹಳಷ್ಟು ಸಿಗಲಿಲ್ಲ. 'ಸಿರಾ' ಎಂದು ಬಡಿದರೆ ಪರದೆ ಖಾಲಿ. 'ತೋಬಿ' ಎಂದರೂ ಖಾಲಿ.

"ಸಿರಾ ಅಂದ್ರ ತುಮಕೂರು ಕಡೀ ಶಿರಾ ಊರು ಇರಬೇಕ್ರಿ" ಎಂದರು ಸಾಹೇಬರು. "ಟ್ರೇನಿಂಗಿಗೆ ಹೋಗಿರಬೇಕು. ಮೂವತ್ತೆಂಟು ಅಂದ್ರ ಬಸ್ಸಿನ ನಂಬರು."

ಒಬ್ಬ ವಿದ್ಯಾವಂತ ಮನುಷ್ಯ, ಅಣೆಕಟ್ಟಿನ ಕೆಲಸ ಮಾಡಿದವನು, ಬೆರಳು ಹೊಲಿದ ಸಂಗತಿಯ ಪಕ್ಕ ಒಬ್ಬಳು ಬಸ್ಸಿನ ನಂಬರ್ ಬರೆಯುತ್ತಾಳೆ ಎಂದು ನಂಬಿದ. ನಾನೇನು ಮಾಡಿದೆ? "ಇರಬಹುದ್ರಿ" ಎಂದೆ. ಆ ಒಂದು ಪದ ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬೈಬಲಿನ ಕೀರ್ತನೆಗಳದ್ದು ಇನ್ನೊಂದು ತಮಾಷೆ. ಅವಳು ಬರೆದ ಸಂಖ್ಯೆಯ ಕೀರ್ತನೆಯೇನೋ ಸಿಗುತ್ತಿತ್ತು. ಆದರೆ ಅದಕ್ಕೂ ಆ ದಿನದ ರೋಗಿಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ. ಅದರ ಮುಂದಿನದನ್ನು ತೆರೆದರೆ ಹೇಳಿ ಬರೆಸಿದಂತೆ ಹೊಂದುತ್ತಿತ್ತು. ಹತ್ತಾರು ಕಡೆ ಹೀಗೇ ಆಯಿತು. ಸಾಹೇಬರು ಕುರ್ಚಿಗೆ ಒರಗಿ, "ಈಕಿಗೆ ಎಣಸಾಕ ಬರ್ತಿದ್ದಿಲ್ಲ ನೋಡ್ರಿ. ಪ್ರತಿ ಸಲ ಒಂದು ಕಮ್ಮಿ" ಎಂದು ನಕ್ಕರು. ಜೀವನವಿಡೀ ಗುಳಿಗೆ ಎಣಿಸಿ ಕೊಟ್ಟ ಹೆಂಗಸು ಅವಳು. ಒಂದು ಕಡಿಮೆ ಎಣಿಸಿದ್ದರೆ ಈ ಸಾಹೇಬರೇ ನಗಲು ಉಳಿಯುತ್ತಿರಲಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಆಗ ನಾನೂ ನಕ್ಕೆ.

ದಾನಿಯೇಲನ ಸರದಿ ಬಂದದ್ದು ಮೂರನೆಯ ವಾರ. ನೋಟ್‌ಬುಕ್ಕಿನ ನಡುವೆ ಒಂದು ಕಡೆ ಹೀಗಿತ್ತು: 'ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಎರಡು ಜಾಗ ಹೇಳಿದರು. ದಾನಿ ೧೩.' ರೋಗಿ ಯಾರು, ರೋಗವೇನು, ಏನೂ ಇರಲಿಲ್ಲ. ಸಾಹೇಬರು ಬಡಿದು ನೋಡಿದರು. ದಾನಿಯೇಲನ ಪುಸ್ತಕದಲ್ಲಿ ಇರುವುದೇ ಹನ್ನೆರಡು ಅಧ್ಯಾಯ.

"ಇಲ್ಲದ ಅಧ್ಯಾಯ ಹುಟ್ಟಿಸ್ಯಾಳ!" ಸಾಹೇಬರಿಗೆ ಹಬ್ಬ. "ಒಂದು ಅನ್ನೂದು ಕೈತಪ್ಪಿ ಬಂದಿರಬೇಕು. ಮೂರು ಅಂತ ಮಾಡೂಣ್ರಿ. ಮೂರನೇದು ಬೆಂಕಿ ಒಳಗ ಒಗದವರ ಕಥಿ, ಚಲೋ ಐತಿ, ಎಲ್ಲಾರಿಗೂ ಗೊತ್ತೈತಿ."

ಹಾಗೆ ಹದಿಮೂರು ಮೂರಾಯಿತು. ನಾನು ಕೆಳಗೆ ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಅಡಿಟಿಪ್ಪಣಿ ಬರೆದೆ: 'ಮೂಲದಲ್ಲಿ ಹದಿಮೂರು ಎಂದಿದೆ. ಅಂತಹ ಅಧ್ಯಾಯವಿಲ್ಲ. ಲೇಖಕಿಯ ಸ್ಮೃತಿದೋಷ.' ಸ್ಮೃತಿದೋಷ! ಆ ಶಬ್ದ ಹೊಳೆದದ್ದಕ್ಕೆ ಖುಷಿಪಟ್ಟು ಎದ್ದು ಹೋಗಿ ಎರಡು ಕಪ್ ಚಹಾ ಮಾಡಿ ತಂದೆ.

ಮುಖಪುಟಕ್ಕೆ ಸಿಸ್ಟರವ್ವನ ಒಂದು ಫೋಟೋ ಬೇಕಾಗಿತ್ತು. ದವಾಖಾನೆಯಲ್ಲಿ ಅವಳ ಜೊತೆಗಿದ್ದ ಆಯಾ ಒಬ್ಬಳು ಈಗಲೂ ಅಲ್ಲಿಯೇ ಇದ್ದಾಳೆ, ಅವಳ ಹತ್ತಿರ ಇರಬಹುದು ಎಂದು ತಿಳಿಯಿತು. ಸಾಹೇಬರಿಗೆ ಬಿಸಿಲು ಆಗುವುದಿಲ್ಲ. ನಾನೇ ಬಸ್ಸು ಹಿಡಿದು ಕೊಲ್ಹಾರಕ್ಕೆ ಹೋದೆ. ತಿದ್ದಿದ ಕರಡು ಚೀಲದಲ್ಲಿತ್ತು, ಬಸ್ಸಿನಲ್ಲಿ ಓದಿಕೊಳ್ಳಲೆಂದು.

ದವಾಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಹಿಂದಿನ ಖೋಲಿಯಲ್ಲಿ ಆಯಾ ಇದ್ದಳು. ಎಲ್ಲರೂ ಆಯಿ ಎನ್ನುತ್ತಾರೆ. ವಯಸ್ಸು ಅರವತ್ತು ದಾಟಿರಬೇಕು, ಆದರೆ ಕೈ ಇನ್ನೂ ಗಟ್ಟಿ. ನಾನು ಹೋದಾಗ ಅಂಗಳದಲ್ಲಿ ಕುಳಿತು ಮೀನು ಹಸನು ಮಾಡುತ್ತಿದ್ದಳು. ಹಿನ್ನೀರಿನಲ್ಲಿ ಬಲೆ ಹಾಕುವವರು ಈಗಲೂ ದಿನಾ ಎರಡು ಕೊಟ್ಟು ಹೋಗುತ್ತಾರೆ ಎಂದಳು. ಕೈ ತೊಳೆದುಕೊಂಡು ಒಳಗಿನಿಂದ ಫೋಟೋ ತಂದಳು. ಬಾಗಿಲಲ್ಲಿ ನಿಂತ ಬಿಳಿ ಸೀರೆಯ ಸಣ್ಣ ಹೆಂಗಸು, ಕೈಯಲ್ಲಿ ಸ್ಟವ್ ಪಿನ್ನು.

ಫೋಟೋ ಸಿಕ್ಕಿತು, ನಾನು ಎದ್ದು ಬರಬಹುದಿತ್ತು. ಬರಲಿಲ್ಲ. ನನ್ನ ಸ್ವಭಾವ. ಕಂಡುಹಿಡಿದ ತಪ್ಪನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

"ಆಯಿ, ನಿಮ್ಮ ಸಿಸ್ಟರವ್ವ ಭಾಳ ತಪ್ಪು ಮಾಡ್ಯಾರ ನೋಡ್ರಿ. ಅವರ ಧರ್ಮದ ಪುಸ್ತಕದಾಗ ಇಲ್ಲದ್ದು ಬರದಾರ" ಎಂದೆ.

"ಏನು ಇಲ್ಲದ್ದು?"

"ದಾನಿಯೇಲ ಹದಿಮೂರು ಅಂತ ಬರದಾರ. ಅಂಥಾ ಅಧ್ಯಾಯನ ಇಲ್ಲ."

ಆಯಿ ನನ್ನ ಮುಖವನ್ನೇ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು.

"ಇಲ್ಲ ಅಂತ ಯಾರಂದ್ರು?"

"ಕಂಪ್ಯೂಟರಿನ್ಯಾಗ ನೋಡೇವಿ."

"ಹಂಗೇನು" ಎಂದಳು. ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ದಪ್ಪನೆಯ ಪುಸ್ತಕವಿತ್ತು. ನನ್ನೆದುರು ಇಟ್ಟು ವಸ್ತ್ರ ಬಿಚ್ಚಿದಳು. ಪುಟಗಳ ನಡುವೆ ಗಾಯಕ್ಕೆ ಕಟ್ಟುವ ಬ್ಯಾಂಡೇಜಿನ ಒಂದು ತುಂಡು ಗುರುತಿಗಿತ್ತು. ಅಲ್ಲಿಯೇ ತೆರೆದಳು.

"ನನಗ ಓದಾಕ ಬರೂದಿಲ್ಲ. ಆದರ ಜಾಗಾ ಇದ. ಓದ್ರಿ" ಎಂದಳು.

ಕನ್ನಡ ಬೈಬಲ್. ಕಥೋಲಿಕರದು. ದಾನಿಯೇಲ, ಹದಿಮೂರನೆಯ ಅಧ್ಯಾಯ. ಅದರ ಮುಂದೆ ಹದಿನಾಲ್ಕನೆಯದೂ ಇತ್ತು.

ನಾನು ಓದಿದೆ. ಒಬ್ಬಳು ಗೃಹಿಣಿ. ಜನ ನ್ಯಾಯ ಕೇಳಲು ಬರುವಂಥ ಇಬ್ಬರು ಹಿರಿಯರು ಅವಳ ಮೇಲೆ ಕಣ್ಣು ಹಾಕುತ್ತಾರೆ. ಅವಳು ಒಲ್ಲೆ ಎನ್ನುತ್ತಾಳೆ. ಇಬ್ಬರೂ ಸೇರಿ, ಯಾವನೋ ಹರೆಯದವನ ಜೊತೆ ಇವಳನ್ನು ಕಂಡೆವು ಎಂದು ಊರ ಮುಂದೆ ಹೇಳುತ್ತಾರೆ. ಅವಳಿಗೆ ಮರಣದಂಡನೆ ಎಂದಾಗುತ್ತದೆ. ಆಗ ದಾನಿಯೇಲ ಎಂಬ ಹುಡುಗ ಎದ್ದು, ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರ ಹೇಳುತ್ತಾರೆ. ಸುಳ್ಳು ಹೊರಬೀಳುತ್ತದೆ.

ನಾನು ಪುಸ್ತಕದಿಂದ ಮುಖ ಎತ್ತಿದಾಗ ಆಯಿ ಗೋಡೆಗೆ ಒರಗಿ ಕುಳಿತಿದ್ದಳು.

"ಐತೋ ಇಲ್ಲೋ?" ಎಂದಳು.

"ಐತ್ರಿ."

"ಆಕಿ ಬರದದ್ದು ನಂದು" ಎಂದಳು ಆಯಿ.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ. ಬರೆಯಲೇ ಎಂದು ಕೇಳಿದ್ದೇನೆ. ಹೆಸರು ಹಾಕಬ್ಯಾಡ, ಆ ಊರಿನ ಹೆಸರೂ ಬ್ಯಾಡ ಎಂದಿದ್ದಾಳೆ.

"ಲಗ್ನ ಆಗಿ ಎರಡ ವರ್ಷಕ್ಕ ಗಂಡ ತೀರಿಕೊಂಡ. ಕಬ್ಬಿನ ಹೊಲಕ್ಕ ದುಡಿಯಾಕ ಹೋಗ್ತಿದ್ನಿ. ಊರಾಗ ಇಬ್ರು ದೊಡ್ಡ ಮಂದಿ ಇದ್ರು. ಜಗಳ ಆದ್ರ ಅವರ ಕಡೀನ ಹೋಗಬೇಕು, ಅಂಥಾವ್ರು. ಒಬ್ಬಾವ ಅಲ್ಲ, ಇಬ್ರೂ ನನ್ನ ಬೆನ್ನ ಹತ್ತಿದ್ರು. ನಾ ಕುಡಗೋಲ ತೋರಿಸಿದ್ನಿ. ಮರುದಿನ ಊರ ಮುಂದ ಅಂದ್ರು, ಈಕಿ ಯಾವನ ಜೋಡಿನೋ ಇದ್ಲು, ನಾವ ಕಣ್ಣಾರೆ ನೋಡೇವಿ, ಹೊಟ್ಟಿಲೆ ಅದಾಳ ಬೇಕಾದ್ರ ತಪಾಸಣಿ ಮಾಡಸ್ರಿ ಅಂತ. ನಮ್ಮ ಅತ್ತಿ ನನ್ನ ಕೂದಲ ಹಿಡದು ಟ್ರ್ಯಾಕ್ಟರ್ ಹತ್ತಿಸಿದ್ಲು. ಅವರಿಬ್ರೂ ಜೋಡಿನ ಬಂದ್ರು. ಈ ದವಾಖಾನಿಗೆ ತಂದ್ರು."

"ಸಿಸ್ಟರವ್ವ ಏನಂದ್ಲು?"

"ನನ್ನ ಮುಟ್ಟಲಿಲ್ಲ. ಮೊದಲ ಇವರಿಬ್ಬರ ತಪಾಸಣಿ ಆಗಬೇಕು ಅಂದ್ಲು. ಒಬ್ಬನ್ನ ಇಂಜೆಕ್ಷನ್ ಖೋಲ್ಯಾಗ ಕುಂಡ್ರಿಸಿ ಬಾಗಲಾ ಹಾಕಿದ್ಲು. ಇನ್ನೊಬ್ಬಾವ ಹೊರಗ ಕಟ್ಟಿ ಮ್ಯಾಲ. ಎಲ್ಲಿ ನೋಡಿದಿರಿ ಅಂತ ಕೇಳಿದ್ಲು. ಒಳಗಿನಾವ ಪಂಪಿನ ಮನ್ಯಾಗ ಅಂದ. ಹೊರಗಿನಾವ ಹಳ್ಳದ ದಂಡಿಗೆ ಅಂದ. ಆಕಿ ಚೀರಲಿಲ್ಲ, ಏನಿಲ್ಲ. ಇಬ್ಬರನ್ನೂ ಕರಕೊಂಡ ಬಂದು ನಮ್ಮ ಅತ್ತಿ ಮುಂದ ನಿಂದ್ರಿಸಿ, ಈಗ ಮತ್ತ ಹೇಳ್ರಿ ಅಂದ್ಲು. ಇಬ್ರೂ ಬಾಯಿ ಬಿಡಲಿಲ್ಲ. ಟ್ರ್ಯಾಕ್ಟರ್ ಹತ್ತಿ ಹೋದ್ರು. ನಾ ಹೋಗಲಿಲ್ಲ. ಅವತ್ತಿಂದ ಇಲ್ಲೇ ಅದೇನಿ."

ಕೆಂಪು ವಸ್ತ್ರವನ್ನು ಮಡಚುತ್ತ ಮತ್ತೆ ಹೇಳಿದಳು. "ಅವತ್ತ ಸಂಜೀಮುಂದ ಈ ಪುಸ್ತಕ ತಗದು ಇದನ್ನ ಓದಿ ಹೇಳಿದ್ಲು. ನಿನ್ನಂಥಾಕಿ ಮೊದಲೂ ಒಬ್ಬಾಕಿ ಇದ್ಲು ನೋಡು ಅಂದ್ಲು. ಸುಳ್ಳ ಹೇಳತಿ, ನನ್ನ ಸಮಾಧಾನಕ್ಕ ಈಗ ಹುಟ್ಟಿಸಿದಿ ಅಂದ್ನಿ. ಇಲ್ಲ, ಅಚ್ಚಿನ್ಯಾಗ ಐತಿ ಅಂದ್ಲು. ನನಗೇನು ಓದಾಕ ಬರ್ತೈತಿ? ನಂಬಿದ್ನಿ. ನಾ ನಮ್ಮ ದೇವರನ್ನ ಬಿಟ್ಟಿಲ್ರಿ, ಬಿಡು ಅಂತ ಆಕಿ ಅನ್ನಲೂ ಇಲ್ಲ. ಇದೊಂದ ಕಥಿ ಮಾತ್ರ ವರ್ಷಕ್ಕ ಒಂದೆರಡ ಸಲ ಓದಸ್ಕೋತಿದ್ನಿ."

ಮೀನಿನ ಬುಟ್ಟಿಯ ಮೇಲೆ ನೊಣ ಕೂಡುತ್ತಿತ್ತು. ಇಬ್ಬರೂ ಅದನ್ನು ಓಡಿಸಲಿಲ್ಲ.

"ನೀವೇನು ಬರದೀರಿ ಅಲ್ಲಿ?" ಎಂದು ಆಯಿ ಕೇಳಿದಳು.

ಕರಡು ನನ್ನ ಚೀಲದಲ್ಲಿತ್ತು. ಸ್ಮೃತಿದೋಷ ಎಂಬ ಶಬ್ದ ಅದರಲ್ಲಿತ್ತು.

"ಇನ್ನೂ ಏನೂ ಬರದಿಲ್ರಿ" ಎಂದೆ.

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆಂಚಿನ ಮೇಲೆ ನಿಲ್ಲಿಸಿದವಳು, ಓದು ಬಾರದ ಹೆಂಗಸಿನ ಎದುರು ಹಾಗೆ ಸಲೀಸಾಗಿ ಸುಳ್ಳು ಹೇಳಿದೆ. ಆಮೇಲೆ ಆ ಪುಸ್ತಕವನ್ನು ಸ್ವಲ್ಪ ದಿನಕ್ಕೆ ಕೊಡುತ್ತೀರಾ ಎಂದು ಕೇಳಿದೆ. ಬೇರೆ ಯಾರಿಗೂ ಕೊಡೂದಿಲ್ಲ ಎಂದು ಹೇಳಿ ಕೊಟ್ಟಳು.

ಬಸ್ಸಿನಲ್ಲಿ ಅದರ ಮೊದಲ ಪುಟಗಳನ್ನು ಓದುತ್ತ ಬಂದೆ. ಯಾರಾದರೂ ಮೊದಲೇ ಓದಬಹುದಾಗಿದ್ದ ಸಂಗತಿ. ಕಥೋಲಿಕರ ಬೈಬಲಿನಲ್ಲಿ ಎಪ್ಪತ್ತಮೂರು ಪುಸ್ತಕಗಳಿವೆ, ಪ್ರೊಟೆಸ್ಟೆಂಟರದರಲ್ಲಿ ಅರವತ್ತಾರು. ಹೆಚ್ಚಿನ ಆ ಏಳರಲ್ಲಿ ಸಿರಾಖನೂ ಇದ್ದಾನೆ, ತೋಬಿತನೂ ಇದ್ದಾನೆ. ದಾನಿಯೇಲನಿಗೆ ಇಲ್ಲಿ ಎರಡು ಅಧ್ಯಾಯ ಹೆಚ್ಚು. ಸಿರಾಖ ಮೂವತ್ತೆಂಟನ್ನು ತೆರೆದರೆ ಅಲ್ಲಿ ವೈದ್ಯನಿಗೆ ಗೌರವ ಕೊಡಬೇಕು, ಮದ್ದು ಮಾಡುವವನ ಕೆಲಸ ದೊಡ್ಡದು ಎಂಬ ಮಾತು ಬರುತ್ತದೆ. ನಾಲ್ಕು ಹೊಲಿಗೆ ಹಾಕಿದ ದಿನ ಒಬ್ಬ ನರ್ಸು ಬರೆಯಬೇಕಾದ್ದನ್ನೇ ಬರೆದಿದ್ದಳು. ಬಸ್ಸಿನ ನಂಬರಂತೆ! ಕೀರ್ತನೆಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಸಂಖ್ಯೆ ಅಚ್ಚಾಗಿದ್ದವು, ಒಂದು ದೊಡ್ಡದು, ಪಕ್ಕದಲ್ಲಿ ಒಂದು ಚಿಕ್ಕದು. ಹಳೆಯ ಲ್ಯಾಟಿನ್ ಎಣಿಕೆಯಲ್ಲಿ ಒಂಬತ್ತು ಮತ್ತು ಹತ್ತನ್ನು ಸೇರಿಸಿ ಒಂದೇ ಕೀರ್ತನೆ ಎಂದು ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಕೊನೆಯ ತನಕ ಎಲ್ಲವೂ ಒಂದು ಕಡಿಮೆ. ಚಿಕ್ಕವಳಿದ್ದಾಗ ಕಲಿತ ಆ ಎಣಿಕೆಯನ್ನೇ ಅವಳು ಕೊನೆಯವರೆಗೂ ಬರೆದುಕೊಂಡು ಬಂದಿದ್ದಳು. ಎಣಿಸಲು ಬಾರದವರು ನಾವು.

ನನಗೆ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಹುಟ್ಟಿ ಬೆಳೆದದ್ದು ಬಾಗೇವಾಡಿಯಲ್ಲಿ. ವಚನ ಓದದ ಮನೆ ನಮ್ಮ ಓಣಿಯಲ್ಲಿರಲಿಲ್ಲ. ಒಂದು ಸಂಕಲನದಲ್ಲಿ ನೂರನೆಯದಾಗಿ ಬಂದ ವಚನ ಇನ್ನೊಂದರಲ್ಲಿ ಮುನ್ನೂರನೆಯದಾಗಿರುತ್ತದೆ, ಮತ್ತೊಂದರಲ್ಲಿ ಇರುವುದೇ ಇಲ್ಲ. ಬರೀ ಸಂಖ್ಯೆ ಹೇಳಿದ ಮಕ್ಕಳಿಗೆ, ಯಾವ ಸಂಪುಟ ಎಂದು ಮೊದಲು ಹೇಳು ಎಂದು ಎಷ್ಟು ಸಲ ಬೈದಿದ್ದೇನೋ! ಅದೇ ಪ್ರಶ್ನೆಯನ್ನು ಸಾಹೇಬರ ಲ್ಯಾಪ್‌ಟಾಪಿಗೆ ಒಂದು ಸಲವೂ ಕೇಳಲಿಲ್ಲ. ಯಾಕೆಂದರೆ ಎದುರಿಗಿದ್ದವಳು 'ಭಾಣಂತಿ' ಎಂದು ಬರೆಯುವವಳು. ಅಂಥವಳು ಸರಿಯಾಗಿರಬಹುದು ಎಂಬ ಅನುಮಾನವೇ ನನಗೆ ಬರಲಿಲ್ಲ.

ಮರುದಿನ ಮುದ್ದೇಬಿಹಾಳಕ್ಕೆ ಹೋದೆ. ಸಾಹೇಬರ ಮನೆಯ ಹಾಲಿನಲ್ಲಿ ಅಣೆಕಟ್ಟಿನ ದೊಡ್ಡ ಚಿತ್ರವಿದೆ, ಅದರ ಮುಂದೆ ಅವರದೇ ಒಂದು ಚಿತ್ರ. ನಾನು ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟು ದಾನಿಯೇಲ ಹದಿಮೂರನ್ನು ತೆರೆದು ತೋರಿಸಿದೆ. ಅವರು ಪುಸ್ತಕ ನೋಡಲಿಲ್ಲ, ಲ್ಯಾಪ್‌ಟಾಪ್ ತೆರೆದರು. ಮತ್ತೆ ಬಡಿದರು. ಮತ್ತೆ ಖಾಲಿ.

"ನೋಡ್ರಿ, ಇಲ್ಲ" ಎಂದರು, ನಾನು ತೆರೆದಿಟ್ಟ ಪುಟದ ಮೇಲೆಯೇ ಮೊಣಕೈ ಊರಿಕೊಂಡು.

"ಸಾಹೇಬ್ರ, ಮ್ಯಾಲೆ ಒಂದು ಪಟ್ಟಿ ಐತಲ್ರಿ, ಯಾವ ಬೈಬಲ್ ಅಂತ ಆರಿಸೂದು. ಅದನ್ನ ಒತ್ತರಿ."

ಒತ್ತಿದರು. ಉದ್ದನೆಯ ಪಟ್ಟಿ ಇಳಿಯಿತು. ಅವರು ಇಷ್ಟು ದಿನ ಒಂದೇ ಒಂದಕ್ಕೆ, ಪ್ರೊಟೆಸ್ಟೆಂಟರದಕ್ಕೆ, ಗುರುತು ಹಾಕಿಕೊಂಡು ಕುಳಿತಿದ್ದರು. ಕೆಳಗೆ ಇಂಗ್ಲಿಷಿನ ಕಥೋಲಿಕ ಬೈಬಲೊಂದಿತ್ತು. ನಾನೇ ಅದನ್ನು ಆರಿಸಿ ಹುಡುಕಿದೆ. ದಾನಿಯೇಲ ಹದಿಮೂರು ಪರದೆಯ ತುಂಬ ಬಂದು ನಿಂತಿತು. ಸಿರಾಖ ಬಂದ. ತೋಬಿತ ಬಂದ. ಪಾಪ, ಅವರೆಲ್ಲ ಅದೇ ಲ್ಯಾಪ್‌ಟಾಪಿನೊಳಗೆ ಮೊದಲಿನಿಂದಲೂ ಇದ್ದರು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಈಗ ನಾಚಿಕೊಳ್ಳುತ್ತಾರೆ ಎಂದು ನಾನು ಕಾದೆ.

"ಅದು ಆ ಕಡೀಯವರದು ಬಿಡ್ರಿ. ನಾ ಸ್ಟ್ಯಾಂಡರ್ಡ್ ಇಟ್ಕೊಂಡೇನಿ" ಎಂದರು.

"ಸಿಸ್ಟರವ್ವ ಆ ಕಡೀಯಾಕಿನ ಅಲ್ಲೇನ್ರಿ?"

"ಅಕ್ಕೋರ, ನನ್ನ ಮುನ್ನುಡಿ ಮುಗದೈತಿ. ಎಲ್ಲಾ ರೆಫರೆನ್ಸ್ ಕಂಪ್ಯೂಟರಿನಿಂದ ತಿದ್ದೇವಿ ಅಂತ ಒಂದು ಪ್ಯಾರಾನ ಬರದೇನಿ. ಈಗ ತಪ್ಪು ನಮ್ಮದ ಅಂತ ಬರೀಲೇನು? ಒಂದು ಅಧ್ಯಾಯ ಆಚೀಚಿ ಆದ್ರ ಯಾರಿಗೇನ ಆಗ್ತೈತ್ರಿ?"

ಯಾರಿಗೇನು ಆಗುತ್ತದೆ ಎಂದು ನಾನು ಅವರಿಗೆ ಹೇಳಲಿಲ್ಲ. ಆಯಿಯ ಬದುಕಿನ ಆ ದಿನವನ್ನು ಈ ಮನುಷ್ಯನ ಕೈಗೆ ಕೊಟ್ಟರೆ ಅದನ್ನೂ ಮುನ್ನುಡಿಯಲ್ಲಿ ಒಂದು ಪ್ಯಾರಾ ಮಾಡುತ್ತಾನೆ ಎಂದು ಗೊತ್ತಿತ್ತು. ಅವರ ಹೆಂಡತಿ ತಂದಿಟ್ಟ ಅವಲಕ್ಕಿ ತಿಂದೆ. ಚಲೋ ಆಗಿತ್ತು. ಆ ಮನೆಯಲ್ಲಿ ಕೆಲಸ ಬರುವುದು ಒಬ್ಬರಿಗೆ ಮಾತ್ರ ಎಂದುಕೊಂಡು, ಪುಸ್ತಕ ಎತ್ತಿಕೊಂಡು ಬಂದೆ.

ಅಲ್ಲಿಂದ ಎರಡು ದಿನ ಬಿಟ್ಟು ಸಿಂದಗಿಯ ಪ್ರೆಸ್ಸಿಗೆ ಹೋಗಿ ಕುಳಿತೆ. ದೇವರಹಿಪ್ಪರಗಿ ಮೇಲೆ ಹೋಗುವ ಮುಂಜಾನೆಯ ಬಸ್ಸು, ಸಂಜೆಗೆ ವಾಪಸು. ಹೀಗೆ ನಾಲ್ಕು ದಿನ. ಟೈಪ್ ಮಾಡುವ ಹೆಣ್ಣುಮಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಸಾಹೇಬರು ಬದಲಿಸಿದ ಒಂದೊಂದನ್ನೂ ಮೊದಲಿನಂತೆ ಮಾಡಿಸಿದೆ. ಮೂರು ಮತ್ತೆ ಹದಿಮೂರಾಯಿತು. ನನ್ನ ಅಡಿಟಿಪ್ಪಣಿಗಳನ್ನೆಲ್ಲ ಅಳಿಸಿದೆ. ಅಷ್ಟು ಕಷ್ಟಪಟ್ಟು ಬರೆದ ಪಾಂಡಿತ್ಯ, ಒಂದೊಂದು ಗುಂಡಿ ಒತ್ತುವಷ್ಟರಲ್ಲಿ ಹೋಯಿತು. ಯಾವುದೂ ಉಳಿಸಿಕೊಳ್ಳಲು ಯೋಗ್ಯವಾಗಿರಲಿಲ್ಲ. ಅವಳ 'ಭಾಣಂತಿ'ಯನ್ನು ಮಾತ್ರ 'ಬಾಣಂತಿ' ಮಾಡಿದೆ. ಅಷ್ಟು ನನ್ನ ಹಕ್ಕು. ಮೊದಲ ಪುಟದ ಹಿಂದೆ, ಇಲ್ಲಿಯ ಗುರುತುಗಳೆಲ್ಲ ಕಥೋಲಿಕ ಬೈಬಲಿನವು, ಕೀರ್ತನೆಗಳ ಸಂಖ್ಯೆ ಹಳೆಯ ಎಣಿಕೆಯದು ಎಂದು ಎರಡು ಸಾಲು ಹಾಕಿಸಿದೆ.

ಪ್ರೆಸ್ಸಿನ ಮಾಲೀಕರು ಹಿಂದೆ ಬಂದು ನಿಂತರು. "ಅಕ್ಕೋರ, ಸಾಹೇಬ್ರಿಗೆ ಹೇಳೀರೇನ್ರಿ?"

"ಹೇಳೇನ್ರಿ. ಅವರು ಕೇಳಿಲ್ಲ" ಎಂದೆ. ಅದು ನಿಜವೇ ಆಗಿತ್ತು.

"ಮುನ್ನುಡಿ?"

"ಅದನ್ನ ಮುಟ್ಟಬ್ಯಾಡ್ರಿ. ಒಂದು ಅಕ್ಷರಾನೂ ತಿದ್ದಬ್ಯಾಡ್ರಿ."

ಹಾಗೇ ಅಚ್ಚಾಯಿತು. ಎಲ್ಲ ಉಲ್ಲೇಖಗಳನ್ನೂ ಆಧುನಿಕ ತಂತ್ರಜ್ಞಾನದಿಂದ ಪರಿಶೀಲಿಸಿ ಸರಿಪಡಿಸಲಾಗಿದೆ ಎಂದು ಮುನ್ನುಡಿ ಹೇಳುತ್ತದೆ. ಪುಟ ತಿರುಗಿಸಿದರೆ ಸಿಸ್ಟರವ್ವ ಬರೆದದ್ದು ಬರೆದಂತೆಯೇ ಇದೆ. ಮುನ್ನುಡಿಯಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿದ್ದವು. ನೋಡಿಯೂ ಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಬೇಕೆಂದೇ ತಪ್ಪು ಬಿಟ್ಟದ್ದು ಅದೊಂದೇ ಸಲ.

ಬಿಡುಗಡೆ ಸಿಂದಗಿಯ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಕೊಲ್ಹಾರ, ನಿಡಗುಂದಿ ಕಡೆಯಿಂದ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ಕುರಿ ಕಾಯುವವರು, ಹೊಲ ಮಾಡುವವರು, ಅವಳ ಕೈಯಲ್ಲಿ ಹೆರಿಗೆಯಾದ ಹೆಂಗಸರು, ಹಾಗೆ ಹುಟ್ಟಿ ಈಗ ತಾವೇ ತಾಯಂದಿರಾದವರು. ಯಾರಾದರೂ ಒಬ್ಬರು ಎದ್ದು ಮಾತಾಡಿದ್ದರೆ ಕೇಳುವ ಹಾಗಿರುತ್ತಿತ್ತು. ಮಾತಾಡಿದ್ದು ಸಾಹೇಬರು, ಮುಕ್ಕಾಲು ಗಂಟೆ. ಹಾವು ಕಚ್ಚಿದ ಕಥೆಯಲ್ಲಿ ಹಾವು ಬಹಳ ಉದ್ದವಾಗಿತ್ತು.

"ಒಂದ ಒಂದು ರೆಫರೆನ್ಸ್ ತಪ್ಪಿಲ್ರಿ ಇದರಾಗ. ನೂರಕ್ಕ ನೂರು ಚೆಕ್ ಮಾಡೇವಿ!" ಎಂದು ಮೈಕಿನಲ್ಲಿ ಕೂಗಿದರು. ಚಪ್ಪಾಳೆ ಬಿತ್ತು. ಅವರು ಹೇಳಿದ ಅಷ್ಟೂ ಮಾತಿನಲ್ಲಿ ನಿಜವಾದದ್ದು ಅದೊಂದೇ. ಅದು ನಿಜ ಎಂದು ಅವರಿಗೇ ಗೊತ್ತಿರಲಿಲ್ಲ. ಅವರಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಪುಸ್ತಕದಲ್ಲಿ ತಮ್ಮ ಮುನ್ನುಡಿ, ತಮ್ಮ ಫೋಟೋ ದಾಟಿ ಮುಂದೆ ಹೋಗಿಲ್ಲ ಎಂಬುದು ನನಗೆ ಖಾತ್ರಿ.

ಆಯಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಅವಳ ಹತ್ತಿರ ಹೋದೆ. ಹೊಸ ಪುಸ್ತಕದಲ್ಲಿ ಆ ಮೂರು ಸಾಲು ಇರುವ ಪುಟ ತೆರೆದು, ಬೆರಳಿಟ್ಟು, ಓದಿ ಹೇಳಿದೆ. ಆಮೇಲೆ ಕೊಲ್ಹಾರದಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಅವತ್ತು ನನ್ನ ಚೀಲದಲ್ಲಿ ಏನಿತ್ತು, ನಾನು ಏನು ಬರೆದಿದ್ದೆ ಎಲ್ಲವನ್ನೂ.

"ಗೊತ್ತಿತ್ತು ಬಿಡ್ರಿ" ಎಂದಳು ಆಯಿ. "ಅವತ್ತ ದವಾಖಾನ್ಯಾಗ ಅವರಿಬ್ರೂ ನಿಮ್ಮಂಗ ನೆಲಾ ನೋಡಕೋತ ಹೇಳಿದ್ರು."

ನನ್ನ ಜೀವನದಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರೂ ನನಗೆ ಹಾಗೆ ಅಂದಿರಲಿಲ್ಲ. ಅವಳ ಪುಸ್ತಕವನ್ನು ಕೆಂಪು ವಸ್ತ್ರದ ಸಮೇತ ವಾಪಸು ಕೊಟ್ಟೆ. ಎರಡೂ ಕೈಯಿಂದ ತಗೊಂಡು, ಟೆಂಪೋ ಹೋಗುತ್ತದೆ ಎಂದು ಎದ್ದು ಹೋದಳು.

ತಿಂಗಳ ಮೇಲೆ ಇಂಡಿ ಊರಿನಿಂದ ಒಬ್ಬರ ಫೋನ್ ಬಂತು. ಪ್ರೊಟೆಸ್ಟೆಂಟ್ ಸಭೆಯವರು, ಸ್ಟೇಷನರಿ ಅಂಗಡಿ ಇಟ್ಟವರು. ಪ್ರೆಸ್ಸಿನಿಂದ ನನ್ನ ನಂಬರ್ ತಗೊಂಡಿದ್ದರು.

"ಪುಸ್ತಕ ಚಲೋ ಐತ್ರಿ ಬಾಯಾರ. ಆದರ ತಪ್ಪು ಭಾಳ ಅದಾವು. ನಾ ಮೊಬೈಲಿನ್ಯಾಗ ಹುಡಕೇನಿ. ಒಂದ ಪಟ್ಟಿ ಮಾಡೇನಿ, ಕಳಸಲೇನ್ರಿ?"

ಮೊದಲ ಪುಟದ ಹಿಂದಿನ ಎರಡು ಸಾಲನ್ನು ಓದಿರಲಿಲ್ಲ. ಯಾರೂ ಓದುವುದಿಲ್ಲ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಅದನ್ನು ನುಂಗಿಕೊಂಡು, ಮೇಲಿನ ಪಟ್ಟಿ ಒತ್ತಿ ಬೇರೆ ಬೈಬಲ್ ಆರಿಸಿಕೊಳ್ಳುವುದು ಹೇಗೆಂದು ಹೇಳಿದೆ. ಎರಡು ಸಲ ತಪ್ಪು ಒತ್ತಿದರು. ಮೂರನೆಯ ಸಲ ಸಿಕ್ಕಿತು.

"ಹಾಂ, ದಾನಿಯೇಲ ಹದಿಮೂರು. ಬಂತ್ರಿ" ಎಂದರು. ಆಮೇಲೆ ಅಂಗಡಿಯ ಮುಂದೆ ವಾಹನಗಳು ಹೋಗುವ ಸದ್ದು ಮಾತ್ರ ಕೇಳಿಸುತ್ತಿತ್ತು. ಫೋನ್ ಇಟ್ಟುಬಿಟ್ಟರೇನೋ ಎಂದುಕೊಂಡೆ. ಇಟ್ಟಿರಲಿಲ್ಲ, ಓದುತ್ತಿದ್ದರು. ಇಡೀ ಅಧ್ಯಾಯ ಓದಿದರು. ಅದು ಸಣ್ಣ ಅಧ್ಯಾಯವಲ್ಲ. ನಾನು ಕಾದೆ.

"ಇದು ನಮ್ಮದ್ರಾಗ ಇಲ್ರಿ. ನಾ ಎಂದೂ ಓದಿದ್ದಿಲ್ಲ" ಎಂದರು ಕೊನೆಗೆ. "ಆ ಇಬ್ರು ಅಂದ್ರ, ಸಿಸ್ಟರ್ ಕುಂಡ್ರಿಸಿ ಕೇಳಿದ್ದು... ಯಾರದ್ರಿ ಆ ಕೇಸು? ಆ ಹೆಣ್ಣುಮಗಳು ಈಗ ಎಲ್ಲಿ ಅದಾಳ್ರಿ?"

"ಅದನ್ನ ಹೇಳಾಕ ಬರೂದಿಲ್ರಿ" ಎಂದೆ. "ಚಲೋ ಅದಾಳ."

ಅವರು ಮತ್ತೆ ಕೇಳಲಿಲ್ಲ. ಪಟ್ಟಿ ಹರಿದು ಒಗೀತೇನಿ ಎಂದರು. ಇನ್ನೂ ಎರಡು ಪ್ರತಿ ಬೇಕು, ತಮ್ಮ ಸಭೆಯಲ್ಲಿ ಇಬ್ಬರಿಗೆ ಕೊಡಬೇಕು ಎಂದರು. ನಾನು ಪ್ರೆಸ್ಸಿನ ವಿಳಾಸ ಹೇಳಿದೆ. ಮುನ್ನುಡಿ ಓದಬೇಡಿ ಎಂದೂ ಹೇಳಿದೆ.